ಅಪ್ಪನ ಕಾಲು ಡಾಕ್ಟರಿಗೆ ತೋರಿಸಿದ್ರಾ?

ಅಮ್ಮ,

ನಾನು ಚೆನ್ನಾಗಿದ್ದೀನಿ. ನೀವೆಲ್ಲ ಕ್ಷೇಮ ಅಂತ ಬರೆಯೋಕೆ ಹೋದೆ, ನಿನ್ನ ಮೆಸೇಜ್ ಓದಿದ ಮೇಲೆ ಅದು ಬರೆಯೋಕೆ ಕೈ ಬರ್ತಿಲ್ಲ. ಮೂರು ವಾರದಿಂದ ಅಪ್ಪನ ಕಾಲಲ್ಲಿ ಗಾಯ ಇದೆ ಅಂತ ಈಗ ಹೇಳ್ತಿದ್ದೀಯಲ್ಲ, ನಂಗೆ ಮೊದಲೇ ಯಾಕೆ ಹೇಳ್ಲಿಲ್ಲ? ಪುಟ್ಟಿನೂ ಹೇಳ್ಲಿಲ್ಲ. ಇಲ್ಲಿ ಈಗ ಮಧ್ಯಾಹ್ನ ಮೂರೂವರೆ, ಅಲ್ಲಿ ಎಂಟಾಗಿರುತ್ತೆ, ಅಪ್ಪ ವಾರ್ತೆ ನೋಡ್ತಾ ಕೂತಿರ್ತಾರೆ. ಐದಕ್ಕೆ ನಾನು ಅಡುಗೆಮನೆಗೆ ಇಳೀಬೇಕು, ಈ ಕಣಿವೆಲಿ ಫೋನ್ ಸಿಗ್ನಲ್ ಸರಿಯಾಗಿ ಸಿಗಲ್ಲ, ಹೋಟೆಲ್ ವೈಫೈ ನಂಬ್ಕೊಂಡು ಮಾತಾಡಿದ್ರೆ ಅರ್ಧಕ್ಕೇ ಕಟ್ ಆಗುತ್ತೆ, ಅದಕ್ಕೇ ಎಲ್ಲಾ ಬರೆದೇ ಕಳಿಸ್ತಿದ್ದೀನಿ, ಪೂರ್ತಿ ಓದು.

ಹೋದ ವಾರ ಫೋನ್ ಮಾಡ್ಲಿಲ್ಲ ಅಂತ ಬೇಜಾರು ಮಾಡ್ಕೋಬೇಡ. ಮೇ ಕೊನೇ ವಾರ ಇಂಗ್ಲೆಂಡಲ್ಲಿ ಸ್ಕೂಲಿಗೆಲ್ಲ ರಜ, ಕೆರೆ ಬೆಟ್ಟಗಳ ಈ ಲೇಕ್ ಡಿಸ್ಟ್ರಿಕ್ಟ್ ಅಂದ್ರೆ ಜನ ಮುಗಿಬೀಳ್ತಾರೆ, ನಮ್ಮಲ್ಲಿ ಶನಿವಾರ ಭಾನುವಾರ ನಂದಿ ಬೆಟ್ಟಕ್ಕೆ ಬೈಕು ಕಾರು ಸಾಲು ನಿಲ್ಲುತ್ತಲ್ಲ, ಅದೇ ಥರ. ಕೆಲವರು ರವೆನ್‌ಗ್ಲಾಸ್ ಅನ್ನೋ ಊರಿಂದ ಪುಟ್ಟ ರೈಲಲ್ಲಿ ಬರ್ತಾರೆ. ಹಳಿಯ ಅಗಲ ಬರೀ 15 ಇಂಚು, ಕಬ್ಬನ್ ಪಾರ್ಕಿನ ಪುಟಾಣಿ ರೈಲು ನೆನಪಾಗುತ್ತೆ, ಆದ್ರೆ ಇದು ಸುಮಾರು 11 ಕಿಲೋಮೀಟರ್ ಓಡುತ್ತೆ, 1875ರಲ್ಲಿ ಶುರುವಾಗಿದ್ದು. ಗುಂಡನ್ನ ಒಂದಿನ ಇದರಲ್ಲಿ ಕೂರಿಸ್ಬೇಕು ಅಂತ ನಂಗೆ ಆಸೆ.

ರೈಲಲ್ಲಿ ಬರೋರ ಚಿಂತೆ ಇಲ್ಲ. ಕಾರಲ್ಲಿ ಫೋನ್ ಮ್ಯಾಪ್ ನಂಬ್ಕೊಂಡು ಬರೋರದ್ದೇ ಕಷ್ಟ. ಆಂಬಲ್‌ಸೈಡ್ ಕಡೆಯಿಂದ ನಮ್ಮ ಕಣಿವೆ ಎಸ್ಕ್‌ಡೇಲ್‌ಗೆ ಮ್ಯಾಪ್ ಹಾಕಿದ್ರೆ ಹತ್ತಿರದ ದಾರಿ ಅಂತ ಹಾರ್ಡ್‌ನಾಟ್ ಪಾಸ್ ತೋರಿಸುತ್ತೆ. ಅದು ಎಂಥಾ ರಸ್ತೆ ಗೊತ್ತಾ, ಕೆಲವು ಕಡೆ ಮೂರಡಿ ಮುಂದೆ ಹೋದ್ರೆ ಒಂದಡಿ ಮೇಲೆ, ನಮ್ಮ ಆಗುಂಬೆ ಘಾಟಿ ಇದರ ಮುಂದೆ ಎಷ್ಟೋ ಸಲೀಸು. ಒಂದೇ ಗಾಡಿ ಹೋಗೋಷ್ಟು ಅಗಲ, ಎದುರು ಇನ್ನೊಂದು ಬಂದ್ರೆ ಯಾರಾದ್ರೂ ಒಬ್ಬರು ರಿವರ್ಸ್ ತಗೊಂಡು, ಪಕ್ಕದಲ್ಲಿ ಸ್ವಲ್ಪ ಅಗಲ ಮಾಡಿರೋ ಜಾಗದವರೆಗೂ ಹಿಂದೆ ಹೋಗ್ಬೇಕು. ಸೋಮವಾರ ನಂಗೆ ರಜ, ಆ ಕಡೆ ನಡ್ಕೊಂಡು ಹೋಗ್ತಿದ್ದೆ, ತಿರುವಲ್ಲಿ ಕ್ಲಚ್ ಸುಟ್ಟ ವಾಸನೆ ಬಂತು, ಹಿಂದೇನೇ "ರೀ, ಹಿಂದೆ ನೋಡ್ರೀ, ಕಲ್ಲಿದೆ ಕಲ್ಲಿದೆ" ಅಂತ ಹೆಂಗಸಿನ ದನಿ! ಇಲ್ಲಿಗೆ ಬಂದು ಹದಿನಾಲ್ಕು ತಿಂಗಳಲ್ಲಿ ಈ ಊರಲ್ಲಿ ಕನ್ನಡ ಕೇಳಿದ್ದು ಅದೇ ಮೊದಲು, ಕಣ್ಣಲ್ಲಿ ನೀರು ಬಂತು. ಮೈಸೂರಿನವರಂತೆ, ಎರಡು ಮಕ್ಕಳು ಹಿಂದಿನ ಸೀಟಲ್ಲಿ ಅಳ್ತಿದ್ದಾವೆ, ಎದುರಿಗೆ ನಾಲ್ಕು ಕಾರು, ಆಯಪ್ಪ ಸ್ಟೇರಿಂಗ್ ಬಿಟ್ಟು ಕೂತಿದ್ದಾರೆ. ಅಷ್ಟರಲ್ಲಿ ನಮ್ಮ ಹೋಟೆಲ್ ಪಕ್ಕದ ಫಾರ್ಮಿನ ಅಜ್ಜ ಬಂದ್ರು. ಒಂದು ಮಾತೂ ಬೈಲಿಲ್ಲ, "ನಾನು ತೆಗೀಲಾ" ಅಂತ ಕೇಳಿ ಅವರ ಸೀಟಲ್ಲಿ ಕೂತು, ಕತ್ತು ಹಿಂದಕ್ಕೆ ತಿರುಗಿಸಿ ಎರಡು ತಿರುವು ಹಿಂದಕ್ಕೇ ಇಳಿಸಿಕೊಟ್ರು. ಆಮೇಲೆ ಅವರನ್ನೆಲ್ಲ ಹೋಟೆಲಿಗೆ ಕರ್ಕೊಂಡು ಬಂದು ಉಪ್ಪಿಟ್ಟು ಮಾಡಿ ಕೊಟ್ಟೆ, ನೀನು ಕಳಿಸಿದ್ದ ರವೆಯಲ್ಲೇ.

ಆ ಅಜ್ಜನ ಬಗ್ಗೆ ಇನ್ನೊಂದು ಹೇಳ್ಬೇಕು. ಶನಿವಾರ ಗಂಡ ಹೆಂಡತಿ ಇಬ್ಬರು ಒಂದು ಕುರಿಮರಿನ ಜಾಕೆಟಲ್ಲಿ ಸುತ್ತಿಕೊಂಡು ರಿಸೆಪ್ಶನ್‌ಗೆ ಬಂದ್ರು, ತಾಯಿ ಬಿಟ್ಟು ಹೋಗಿದೆ, ಪಾಪ ಒಂದೇ ಇತ್ತು ಅಂತ. ಹರ್ಡ್‌ವಿಕ್ ಅಂತ ಇಲ್ಲಿಯ ಕುರಿ, ಹುಟ್ಟಿದಾಗ ಮರಿ ಇದ್ದಲಿನ ಥರ ಕಪ್ಪು, ಬೆಳೀತಾ ಬೂದಿ ಬಣ್ಣಕ್ಕೆ ಬರುತ್ತೆ. ಪಕ್ಕದಲ್ಲೇ ಮೇಯ್ತಿದ್ದ ಬೂದಿ ಕುರಿನೇ ಅದರ ತಾಯಿ ಅಂತ ಅವರಿಗೆ ಗೊತ್ತಾಗ್ಲಿಲ್ಲ. ಅಜ್ಜ ಬಂದು ಎಲ್ಲಿಂದ ಎತ್ಕೊಂಡ್ರಿ ಅಂತ ಕೇಳಿದ್ರೆ ಅವರಿಗೆ ಜಾಗ ಹೇಳೋಕೆ ಬರ್ತಿಲ್ಲ, ಫೋನಲ್ಲಿ ಫೋಟೋ ತೋರಿಸಿದ್ರು. ಹಿಂದೆ ಕಂಡ ಕಲ್ಲಿನ ಗೋಡೆ ನೋಡಿನೇ ಅಜ್ಜ ಜಾಗ ಹಿಡಿದ್ರು! ನಾನೂ ಜೊತೆಗೆ ಹೋದೆ. ತಾಯಿ ಅದೇ ಜಾಗದಲ್ಲಿ ಸುತ್ತಾಡ್ಕೊಂಡು ಕೂಗ್ತಿತ್ತು ಕಣಮ್ಮ. ಮರಿ ಕೆಳಗೆ ಬಿಟ್ಟ ತಕ್ಷಣ ಮೂಸಿ ನೋಡ್ತು, ಜಾಕೆಟಿನ ವಾಸನೆಗೋ ಏನೋ ಒಂದ್ಸಲ ಕಾಲು ಕುಟ್ಟಿ ಹಿಂದೆ ಸರೀತು, ನಮ್ಮಿಬ್ಬರಿಗೂ ಉಸಿರು ಕಟ್ಟಿತ್ತು, ಆಮೇಲೆ ಮತ್ತೆ ಮೂಸಿ ಹಾಲಿಗೆ ಬಿಟ್ಕೊಳ್ತು, ಮರಿ ಬಾಲ ಪಟಪಟ ಅಂತ ಅಲ್ಲಾಡ್ತಿತ್ತು.

ಬೆಟ್ಟದಲ್ಲಿ ಬೇಲಿ ಇಲ್ಲದೆ ಇದ್ರೂ ಈ ಕುರಿಗಳು ತಮ್ಮ ಜಾಗ ಬಿಟ್ಟು ಹೋಗಲ್ಲ, ಎಲ್ಲಿವರೆಗೆ ನಮ್ಮದು ಅನ್ನೋದನ್ನ ಮರಿ ತಾಯಿ ಜೊತೆ ಮೇಯ್ತಾ ಕಲಿಯುತ್ತೆ, ಅದಕ್ಕೆ ಹೆಫ್ಟ್ ಅಂತಾರೆ. 2001ರಲ್ಲಿ ಕಾಲುಬಾಯಿ ಜ್ವರ ಬಂದು ಈ ದೇಶದಲ್ಲಿ 60 ಲಕ್ಷಕ್ಕೂ ಹೆಚ್ಚು ಪ್ರಾಣಿ ಕೊಂದು ಹಾಕಿದ್ರು. ಹೊಸ ಕುರಿ ದುಡ್ಡು ಕೊಟ್ರೆ ಸಿಗುತ್ತೆ, ಈ ಬೆಟ್ಟ ಗೊತ್ತಿರೋ ಕುರಿ ಎಲ್ಲಿ ಸಿಗುತ್ತೆ ಅಂತ ಅಜ್ಜ ಈಗ್ಲೂ ಹೇಳ್ತಾರೆ. ಹೊರಗಿಂದ ಬಂದೋರನ್ನ ಇಲ್ಲಿ ಆಫ್‌ಕಮರ್ ಅಂತ ಕರೀತಾರೆ, ನಾನೂ ಆಫ್‌ಕಮರೇ, ಆದ್ರೆ ಆವತ್ತು ಅಜ್ಜ ನನ್ನನ್ನ ಮನೆಗೆ ಕರೆದು ಟೀ ಕೊಟ್ರು. ಲಂಡನ್ ಬಿಟ್ಟು ಯಾವುದೋ ಹಳ್ಳಿಲಿ ಅಡುಗೆ ಮಾಡ್ಕೊಂಡಿದ್ದಾನೆ ಅಂತ ಶಾಂತತ್ತೆ ಹೇಳಿದ್ರಂತಲ್ಲ, ಅವರಿಗೆ ಇದನ್ನ ಓದಿ ಹೇಳು.

ಈಗ ಅಪ್ಪನ ವಿಷಯ. ಮಂಗಳವಾರ ರಾತ್ರಿ ಒಂಬತ್ತಾಗಿತ್ತು, ಇಲ್ಲಿ ಈಗ ಒಂಬತ್ತೂವರೆವರೆಗೂ ಬೆಳಕಿರುತ್ತೆ. ಒಬ್ಬರು ಪೂರ್ತಿ ನೆಂದುಕೊಂಡು ಬಂದು ಕಾರ್ ಪಾರ್ಕ್ ಎಲ್ಲಿ ಅಂತ ಕೇಳಿದ್ರು. ಅಪ್ಪನ ವಯಸ್ಸೇ ಇರ್ಬೇಕು. ಸ್ಕಾಫೆಲ್ ಪೈಕ್ ಹತ್ತಿ ಮಂಜಲ್ಲಿ ದಾರಿ ತಪ್ಪಿ ನಮ್ಮ ಕಣಿವೆಗೆ ಇಳಿದುಬಿಟ್ಟಿದ್ದಾರೆ, ಅವರ ಕಾರು ಇರೋದು ಬೆಟ್ಟದ ಆ ಕಡೆ ಬಾರೋಡೇಲಲ್ಲಿ, ರಸ್ತೆಲಿ ಸುತ್ತಿ ಹೋಗೋಕೆ ಎರಡು ಗಂಟೆ ಹತ್ತಿರ ಬೇಕು. ಈ ಥರ ಆಗ್ತಾನೇ ಇರುತ್ತೆ. ಸ್ಕಾಫೆಲ್ ಪೈಕ್ ಇಡೀ ಇಂಗ್ಲೆಂಡಿಗೇ ಎತ್ತರದ ಬೆಟ್ಟ, ಅದು 978 ಮೀಟರ್. ನಮ್ಮ ಬೆಂಗಳೂರೇ ಸುಮಾರು 920 ಮೀಟರ್ ಎತ್ತರದಲ್ಲಿದೆ, ನಂದಿ ಬೆಟ್ಟ 1478, ಅದಕ್ಕೇ ನಮ್ಮೋರಿಗೆ ಇದು ಲೆಕ್ಕಕ್ಕೇ ಇಲ್ಲ ಅನ್ಸುತ್ತೆ. ಆದ್ರೆ ಇಲ್ಲಿ ಹತ್ತೋದು ಹೆಚ್ಚುಕಮ್ಮಿ ಸಮುದ್ರಮಟ್ಟದಿಂದ, ಕೆಳಗೆ ಬಿಸಿಲಿದ್ರೂ ಮೇಲೆ ಮಳೆ ಗಾಳಿ ಮಂಜು, ಒಂದೇ ಗಂಟೇಲಿ ಎಲ್ಲಾ ಬದಲಾಗುತ್ತೆ. ಬೆಳಿಗ್ಗೆ ಇಲ್ಲಿಯವರನ್ನ ಯಾರನ್ನಾದ್ರೂ ಕೇಳಿದ್ರೆ ಇವತ್ತು ಬೇಡ ಅಂತ ಹೇಳ್ತಿದ್ರು, ಅವರು ಕೇಳ್ಲಿಲ್ಲ.

ಕೂರಿಸಿ ಶೂ ಬಿಚ್ಚಿಸಿದೆ. ಬಿಳೀ ಕಾಲುಚೀಲದ ಹಿಮ್ಮಡಿ ಪೂರ್ತಿ ಕೆಂಪಾಗಿದೆ, ಚರ್ಮ ಕಿತ್ತು ಬಂದಿದೆ, ಅವರಿಗೆ ಗೊತ್ತೇ ಇಲ್ಲ, ಚಳಿಗೆ ಕಾಲು ಮರಗಟ್ಟಿತ್ತು. "ನೋವಿಲ್ಲ, ಏನೂ ಆಗಿಲ್ಲ" ಅಂತಾರೆ. ನಮ್ಮ ಹೋಟೆಲಿಗೆ ಸೌದೆ ತಂದು ಹಾಕೋನು ಇಲ್ಲಿಯ ಮೌಂಟನ್ ರೆಸ್ಕ್ಯೂ ತಂಡದಲ್ಲಿದ್ದಾನೆ, ಅವರು ಯಾರಿಗೂ ಸಂಬಳ ಇಲ್ಲ, ರಾತ್ರಿ ಎರಡಕ್ಕೆ ಕರೆದ್ರೂ ಎದ್ದು ಬೆಟ್ಟಕ್ಕೆ ಹೋಗ್ತಾರೆ. ಅವನು ಬಂದು ಕಾಲು ತೊಳೆದು ಬ್ಯಾಂಡೇಜ್ ಹಾಕಿದ, ನೋವು ಗೊತ್ತಾಗದೆ ಇದ್ದಿದ್ದೇ ಅಪಾಯ ಅಂತ ಅವರಿಗೆ ಬಿಡಿಸಿ ಹೇಳಿದ. ಅವರನ್ನ ಮಲಗಿಸಿ ರೂಮಿಗೆ ಬಂದು ಫೋನ್ ನೋಡಿದ್ರೆ ನಿನ್ನ ಮೆಸೇಜ್, "ಅಪ್ಪಂಗೆ ಹೆಬ್ಬೆರಳ ಕೆಳಗೆ ಗಾಯ, ನೋವೇ ಇಲ್ಲ ಅಂತಾರೆ, ಅರಿಶಿನ ಹಚ್ಚಿದ್ದೀನಿ". ರಾತ್ರಿಯೆಲ್ಲ ನಿದ್ದೆ ಬರ್ಲಿಲ್ಲ ಅಮ್ಮ.

ಶುಗರ್ ಇರೋರಿಗೆ ಎಷ್ಟೋ ಸಲ ಕಾಲಿನ ನರ ಸತ್ತು ನೋವು ಗೊತ್ತಾಗಲ್ಲ. ನೋವಿಲ್ಲ ಅಂದ್ರೆ ವಾಸಿ ಆಗ್ತಿದೆ ಅಂತ ಅಲ್ಲ. ಮಾವಂಗೂ ಹೀಗೇ ಚಪ್ಪಲಿ ಕಚ್ಚಿದ್ದು ಅಂತ ಸುಮ್ಮನಿದ್ದು ಕೊನೆಗೆ ಬೆರಳು ತೆಗೀಬೇಕಾಯ್ತು, ನಿಂಗೆ ನೆನಪಿದೆ. ಬಿಸಿನೀರಲ್ಲಿ ಉಪ್ಪು ಹಾಕಿ ಕಾಲು ಇಡಿಸ್ತಿದ್ದೀನಿ ಅಂದ್ಯಲ್ಲ, ಅದನ್ನ ಇವತ್ತೇ ನಿಲ್ಲಿಸು, ಬಿಸಿ ಗೊತ್ತಾಗದೆ ಸುಟ್ಕೊಂಡ್ರೆ ಇನ್ನೊಂದು ಗಾಯ. ಅರಿಶಿನ, ಕೊಬ್ಬರಿ ಎಣ್ಣೆ, ಶಾಂತತ್ತೆ ಹೇಳಿದ ಸೊಪ್ಪು ಯಾವುದೂ ಬೇಡ. ಲಾಲ್‌ಬಾಗ್ ವಾಕಿಂಗ್ ಬೇಡ, ಗಾಯ ಆರೋವರೆಗೂ ಆ ಕಾಲಿಗೆ ಭಾರ ಬೀಳಬಾರದು. ದೊಡ್ಡ ಗಣಪತಿ ಗುಡಿಗೂ ಸದ್ಯಕ್ಕೆ ಬೇಡ, ಮನೆ ಒಳಗೂ ಬರಿಗಾಲಲ್ಲಿ ಓಡಾಡೋದು ಬೇಡ. ನಾಳೆ ಬೆಳಿಗ್ಗೆನೇ ಪುಟ್ಟಿ ಜೊತೆ ಆಟೋ ಮಾಡ್ಕೊಂಡು ಜಯನಗರದ ಶುಗರ್ ಡಾಕ್ಟರ್ ಹತ್ರ ಹೋಗಿ, ಕಾಲಿಗೆ ರಕ್ತ ಸರಿಯಾಗಿ ಹರೀತಿದೆಯಾ ನೋಡಿ ಅಂತ ನೀವೇ ಬಾಯಿಬಿಟ್ಟು ಕೇಳಿ. ಇಷ್ಟೊತ್ತಿಗೆ ನಲವತ್ತು ಸಾವಿರ ನಿನ್ನ ಅಕೌಂಟಿಗೆ ಬಂದಿರುತ್ತೆ. ನಂಗೇನೂ ತೊಂದರೆ ಇಲ್ಲ, ನಿಜವಾಗ್ಲೂ ಇಲ್ಲ, ಊಟ ವಸತಿ ಹೋಟೆಲಿನವರದ್ದೇ, ನಂಗೆ ಖರ್ಚೇ ಇಲ್ಲ, ದುಡ್ಡಿನ ಮುಖ ನೋಡ್ಬೇಡಿ.

ಅಪ್ಪ, ಇದನ್ನ ಅಮ್ಮ ನಿಮಗೆ ಓದಿ ಹೇಳ್ತಿರ್ತಾಳೆ. ನಿಮ್ಮ ಮೇಲೆ ಕೋಪ ಇಲ್ಲ. ನಾನು ಓಡಿ ಬರೋಷ್ಟು ಹತ್ತಿರ ಇಲ್ಲ, ಅದೊಂದೇ ನಂಗೆ ಸಂಕಟ. ದಯವಿಟ್ಟು ಹೋಗಿ.

ನಾನು ಚೆನ್ನಾಗಿದ್ದೀನಿ, ಚೆನ್ನಾಗಿ ತಿಂತಿದ್ದೀನಿ, ಚಳಿನೂ ಕಮ್ಮಿ ಆಗಿದೆ, ಸ್ವೆಟರ್ ಇದೆ, ನನ್ನ ಚಿಂತೆ ಯಾರೂ ಮಾಡ್ಬೇಡಿ. ಹೆಣ್ಣಿನ ಫೋಟೋ ನೋಡಿದೆ, ಅಪ್ಪನ ಕಾಲು ವಾಸಿ ಆಗ್ಲಿ, ಆಮೇಲೆ ಅದರ ಮಾತು. ಕೆಳಗಿಂದ ಕರೀತಿದ್ದಾರೆ, ಬಸ್ಸಲ್ಲಿ ನಲವತ್ತು ಜನ ಬಂದಿಳಿದ್ರಂತೆ. ನಾಳೆ ಡಾಕ್ಟರ್ ಏನಂದ್ರು ಅಂತ ಮೆಸೇಜ್ ಹಾಕು, ಗಾಯದ ಫೋಟೋ ಬೆಳಕಲ್ಲಿ ತೆಗೆದು ನಂಗೆ ಕಳಿಸು ಅಂತ ಪುಟ್ಟಿಗೆ ಹೇಳು, ಮರೀಬೇಡ.

ನಿನ್ನ
ಸೀನು