ಮಂಗಳಯಾನದ ಚಿತ್ರಗಳು ಪೀಣ್ಯದಲ್ಲೂ ಕಾಣಲಿ

ಮಾನ್ಯರೇ,

2014ರ ಸೆಪ್ಟೆಂಬರ್ 24ರ ಬೆಳಿಗ್ಗೆ ಮಂಗಳಯಾನ ಮಂಗಳನ ಕಕ್ಷೆ ಸೇರಿದ ಸುದ್ದಿ ಮೊದಲು ತಿಳಿದದ್ದು ನಮ್ಮ ಪೀಣ್ಯದ ಇಸ್ರೊ ಕೇಂದ್ರದಲ್ಲಿ. ಮಂಗಳನಿಂದ ಸಂಕೇತ ಬರಲು 12 ನಿಮಿಷಕ್ಕೂ ಜಾಸ್ತಿ ಬೇಕಿತ್ತು. ಹಾಗಾಗಿ ಎಂಜಿನ್ ಉರಿಸುವ ಆದೇಶಗಳನ್ನು ನೌಕೆಯಲ್ಲಿ ಮೊದಲೇ ತುಂಬಿಸಿಟ್ಟಿದ್ದರು. ನೌಕೆ ತಾನೇ ಕೆಲಸ ಮುಗಿಸಿತು. ಆರು ತಿಂಗಳಿಗೆಂದು ಹೋದದ್ದು ಸುಮಾರು ಎಂಟು ವರ್ಷ ದುಡಿಯಿತು! ಅದರ ಮಾತು ಕೇಳಿಸಿಕೊಂಡ 32 ಮೀಟರ್ ಆಂಟೆನಾ ಇರುವುದೂ ಇಲ್ಲೇ ಬೆಂಗಳೂರಿನ ಹತ್ತಿರದ ಬ್ಯಾಲಾಳುವಿನಲ್ಲಿ.

ಪೀಣ್ಯ ಮೆಟ್ರೊ ನಿಲ್ದಾಣದಲ್ಲಿ ಆ ನೌಕೆ ತೆಗೆದ ಮಂಗಳನ ಫೋಟೊಗಳನ್ನು ಕನ್ನಡದ ವಿವರದ ಜೊತೆ ದೊಡ್ಡದಾಗಿ ಹಾಕಲಿ. ರೈಲಿಗೆ ಕಾಯುವ ಮಕ್ಕಳು ನಿಂತು ನೋಡುತ್ತಾರೆ, ಅಲ್ವಾ?

– ಒಬ್ಬ ಓದುಗ, ಪೀಣ್ಯ, ಬೆಂಗಳೂರು