ಮಗಳಿಗೊಂದು ಪತ್ರ: ಹಿತ್ತಲ ಗೋಡೆ ಖಾಲಿ ಇದೆ, ಬಂದು ಬರೆಯಿರಿ

ಪುಟ್ಟಿ,

ನೀನು ವಾಟ್ಸಾಪಿನಲ್ಲಿ ಕಳಿಸಿದ ಚಿತ್ರಗಳನ್ನೆಲ್ಲ ನಿಧಾನವಾಗಿ ನೋಡಿದೆ. ಫೋನಿನಲ್ಲಿ ಹೇಳುವುದಕ್ಕಿಂತ ಬರೆದರೇ ವಾಸಿ ಅನ್ನಿಸಿತು. ಫೋನಾದರೆ "ಅಮ್ಮಾ, ಆಮೇಲೆ ಮಾತಾಡ್ತೀನಿ" ಅಂತ ಇಟ್ಟುಬಿಡುತ್ತೀಯ.

ಶಿಬಿರದಲ್ಲಿ ನಿಮಗೆ ಕೇಳಿದ ಪ್ರಶ್ನೆ ಚೆನ್ನಾಗಿದೆ. 2050ರಲ್ಲಿ ಎಲ್ಲಿರುತ್ತೀರಿ, ಹೇಗಿರುತ್ತೀರಿ, ಬಿಡಿಸಿ ತೋರಿಸಿ. ಗೇ, ಲೆಸ್ಬಿಯನ್, ಟ್ರಾನ್ಸ್ ಮಕ್ಕಳನ್ನು ಯಾರು ಹೀಗೆ ಕೇಳುತ್ತಾರೆ? ಉಳಿದವರಿಗಾದರೆ ಹುಟ್ಟಿದಾಗಿನಿಂದ ಅದೇ ಮಾತು. ಯಾವ ಕಾಲೇಜು, ಎಂಥ ಸಂಬಂಧ, ತೋಟ ಯಾರಿಗೆ, ಮನೆ ಯಾರಿಗೆ. ನಿಮ್ಮ ವಿಷಯ ಬಂದರೆ ಮಾತ್ರ ನೆಂಟರು ಒಮ್ಮೆ ಕೆಮ್ಮಿ ಅಡಿಕೆ ರೇಟಿನ ಕಡೆ ಮಾತು ತಿರುಗಿಸುತ್ತಾರೆ.

ಚಿತ್ರಗಳಲ್ಲಿ ಏನೇನಿತ್ತು? ಒಂದರಲ್ಲಿ ವಿಮಾನ. ಇನ್ನೊಂದರಲ್ಲಿ ಬೆಂಗಳೂರಿನ ಎತ್ತರದ ಫ್ಲ್ಯಾಟು, ಬಾಲ್ಕನಿಯಲ್ಲಿ ಬೆಕ್ಕು. ತೀರ್ಥಹಳ್ಳಿ ಕಡೆಯ ಹುಡುಗ ಕೆನಡಾದ ಹಿಮ ಬಿಡಿಸಿದ್ದ. ಹಿಮವನ್ನು ಅವನು ಸಿನಿಮಾದಲ್ಲಿ ಬಿಟ್ಟು ಬೇರೆಲ್ಲೂ ನೋಡಿರಲಿಕ್ಕಿಲ್ಲ, ಪಾಪ. ಇಬ್ಬರು ಹಾಳೆಯನ್ನು ಖಾಲಿ ಬಿಟ್ಟರು ಅಂದೆ. ನಿನ್ನದರಲ್ಲಿ ಸ್ಟೇಜು, ಲೈಟು, ಚಪ್ಪಾಳೆ. ಸೀರೆಯ ಅಂಚು ತುಂಬಾ ಚೆನ್ನಾಗಿ ಬಂದಿದೆ. ಆದರೆ ಅಷ್ಟೂ ಚಿತ್ರದಲ್ಲಿ ನನಗೆ ಒಂದೇ ಒಂದು ನರೆಗೂದಲು ಕಾಣಲಿಲ್ಲ. 2050ಕ್ಕೆ ನಿನಗೆ ನಲವತ್ತೈದು ದಾಟಿರುತ್ತದೆ ಮಾರಾಯ್ತಿ. ಮಂಡಿನೋವು ಶುರುವಾಗುವ ವಯಸ್ಸು. ನಮ್ಮ ಮನೆತನದಲ್ಲಂತೂ ಗ್ಯಾರಂಟಿ. ಅಡಿಕೆ ಮರವೂ ಇಲ್ಲ, ಹೆಂಚಿನ ಮನೆಯೂ ಇಲ್ಲ, ಮಳೆಯಂತೂ ಇಲ್ಲವೇ ಇಲ್ಲ. ಶಿಬಿರಕ್ಕೆ ಬಂದವರಲ್ಲಿ ಜಾಸ್ತಿ ಜನ ಸಾಗರ, ಸೊರಬ, ಹೊಸನಗರದ ಕಡೆಯವರೇ ಅಂದಿದ್ದೆ ಅಲ್ವಾ?

ನನ್ನ ತಕರಾರು ಇಷ್ಟೇ. ನಿಮ್ಮ ನಾಳೆಯಲ್ಲಿ ನಮ್ಮೂರು ಯಾಕಿಲ್ಲ? ಮುದುಕರಾಗುವುದು ಯಾಕಿಲ್ಲ?

ಕಾರಣ ಗೊತ್ತಿಲ್ಲದೆ ಏನಲ್ಲ. ಇಲ್ಲಿ ನಿಮ್ಮಂಥವರು ವಯಸ್ಸಾಗಿ ಜಗಲಿ ಮೇಲೆ ಕೂತು ಎಲೆ ಅಡಿಕೆ ಹಾಕುವುದನ್ನು ನೀವು ನೋಡಿಯೇ ಇಲ್ಲ. ಇದ್ದವರು ಊರು ಬಿಟ್ಟರು, ಇಲ್ಲವೇ ಬಾಯಿ ಮುಚ್ಚಿಕೊಂಡು ಮದುವೆಯಾದರು. ಯಕ್ಷಗಾನದಲ್ಲಿ ಗಂಡಸು ಸ್ತ್ರೀವೇಷ ಕಟ್ಟಿ ರಂಗಕ್ಕೆ ಬಂದರೆ ಊರಿಗೆ ಊರೇ ಬೆರಗಾಗಿ ನೋಡುತ್ತದೆ. ಎಂಥ ಒನಪು, ಎಂಥ ಕಣ್ಣು ಅಂತ ಮರುದಿನ ಟೀ ಅಂಗಡಿಯಲ್ಲಿ ಅದೇ ಮಾತು. ಅದೆಲ್ಲ ಬೆಳಗಿನ ಜಾವದವರೆಗಿನ ಪರವಾನಗಿ. ನೀನು ಸ್ಟೇಜು ಬಿಡಿಸಿದ್ದು ನೋಡಿ ನನಗೆ ಕೊಂಚ ಕಸಿವಿಸಿ ಆದದ್ದು ಅದಕ್ಕೇ. ಸ್ಟೇಜಿನ ಮೇಲಿದ್ದರೆ ಒಪ್ಪಿಕೊಳ್ಳುವುದು ನಮ್ಮ ಜನಕ್ಕೆ ಸುಲಭ. ರೇಷನ್ ಅಂಗಡಿ ಸಾಲಿನಲ್ಲಿ ಪಕ್ಕ ನಿಂತರೆ ಕಷ್ಟ.

ಮಂಜಮ್ಮ ಜೋಗತಿಯವರನ್ನೇ ತಗೋ. 2021ರ ನವೆಂಬರ್‌ನಲ್ಲಿ ಪದ್ಮಶ್ರೀ ತಗೊಳ್ಳಲು ಹೋದವರು ರಾಷ್ಟ್ರಪತಿ ರಾಮನಾಥ ಕೋವಿಂದರಿಗೆ ಸೆರಗಿನಿಂದ ದೃಷ್ಟಿ ತೆಗೆದರಲ್ಲ, ಆ ವಿಡಿಯೋ ನಾವಿಬ್ಬರೂ ಎಷ್ಟು ಸಲ ನೋಡಿದ್ದೇವೋ. ಎಲ್ಲರೂ ಆ ಸೆರಗಿನ ಬಗ್ಗೆಯೇ ಮಾತಾಡಿದರು. ನನಗೆ ಅದಕ್ಕಿಂತ ಖುಷಿ ಕೊಟ್ಟದ್ದು 2019ರ ಸುದ್ದಿ. ಆ ವರ್ಷ ಅವರು ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷೆ ಆದರು. ಆ ಕುರ್ಚಿಗೆ ಬಂದ ಮೊದಲ ಟ್ರಾನ್ಸ್ ಮಹಿಳೆ. ಅಧ್ಯಕ್ಷೆ ಅಂದರೆ ಏನು ಹೇಳು. ಮೀಟಿಂಗು, ಫೈಲು, ಸಹಿ, ಪ್ರಶಸ್ತಿ ಯಾರಿಗೆ ಅನ್ನುವ ಚರ್ಚೆ. ಜೋಗತಿ ಕುಣಿತ ಕುಣಿದವರು ಇಂಥ ಬೇಸರದ ಕೆಲಸಕ್ಕೂ ಕೂತರು. ಆ ಬೇಸರ ನನಗೆ ಇಷ್ಟ. ಫೈಲಿನ ರಾಶಿಯ ಹಿಂದೆ ಕನ್ನಡಕ ಹಾಕಿಕೊಂಡು ಕೂತ ಒಬ್ಬ ಟ್ರಾನ್ಸ್ ಹೆಂಗಸನ್ನು ನಿಮ್ಮಲ್ಲಿ ಯಾರಾದರೂ ಬರೆಯಬೇಕಿತ್ತು. ಸರ್ಕಾರಿ ಕೆಲಸದಲ್ಲಿ ಟ್ರಾನ್ಸ್ ಜನರಿಗೆ ಶೇಕಡಾ 1 ಮೀಸಲಾತಿ ಅಂತ ನಮ್ಮ ರಾಜ್ಯ 2021ರಲ್ಲಿ ಮಾಡಿತು, ದೇಶದಲ್ಲೇ ಮೊದಲು. ಹಾಗಾದರೆ ನಾಡಕಚೇರಿ ಕೌಂಟರಿನ ಹಿಂದೆ ಕೂತು "ಸರ್ವರ್ ಡೌನ್, ನಾಳೆ ಬನ್ನಿ" ಅನ್ನುವ ಟ್ರಾನ್ಸ್ ಗುಮಾಸ್ತೆಯೂ ಒಬ್ಬಳು ಇರಲಿ ಚಿತ್ರದಲ್ಲಿ. ಜನ ಅವಳನ್ನು ಬೈಯಲಿ, ಬೇರೆ ಗುಮಾಸ್ತರನ್ನು ಬೈಯುವಷ್ಟೇ.

"ನಮ್ಮ ಕಡೆ ಇಂಥದ್ದೆಲ್ಲ ಇಲ್ಲ" ಅನ್ನುವವರಿಗೆ ನಾನು ಹೆಗ್ಗೋಡಿನ ಹೆಸರು ಹೇಳುತ್ತೇನೆ. ಎ. ರೇವತಿಯವರ ಆತ್ಮಕಥೆಯನ್ನು 'ಬದುಕು ಬಯಲು' ಅಂತ ನಾಟಕ ಮಾಡಿ ಕನ್ನಡದ ಊರುಗಳಲ್ಲಿ ತಿರುಗಿಸಿದ್ದು ಅಲ್ಲಿನ 'ಜನಮನದಾಟ' ತಂಡ. ತಮಿಳುನಾಡಿನ ಹಳ್ಳಿಯಲ್ಲಿ ಹುಟ್ಟಿದ ಒಬ್ಬ ಹಿಜ್ರಾ ಹೆಂಗಸಿನ ಕಥೆಯನ್ನು ನಮ್ಮ ಸಾಗರದ ಸೀಮೆಯಿಂದ ಹೊತ್ತು ಹೊರಟರು. ಇನ್ನು ಬೆಂಗಳೂರಿನ ಅರವಾಣಿ ಆರ್ಟ್ ಪ್ರಾಜೆಕ್ಟಿನ ಟ್ರಾನ್ಸ್ ಹೆಂಗಸರು 2016ರಿಂದ ಬೀದಿ ಗೋಡೆಗಳಿಗೆ ಬಣ್ಣ ಹಚ್ಚುತ್ತಿರುವುದು ನನಗಿಂತ ನಿನಗೇ ಚೆನ್ನಾಗಿ ಗೊತ್ತು. 2024ರಲ್ಲಿ ಅವರ ಚಿತ್ರ ಇಟಲಿಯ ವೆನಿಸ್ ಬಿಯೆನಾಲೆ ಕಲಾ ಪ್ರದರ್ಶನಕ್ಕೂ ಹೋಯಿತು. ನಮಗೆ ಅಷ್ಟು ದೂರ ಬೇಡ. ನಮ್ಮ ಹಿತ್ತಲ ಗೋಡೆ ಇದೆ.

ಅದನ್ನು ಹೇಳಲಿಕ್ಕೇ ಬರೆಯಲು ಕೂತದ್ದು. ಮಳೆಗೆ ಕಿತ್ತುಹೋಗಿದ್ದ ಆ ಗೋಡೆಗೆ ಅಪ್ಪ ಮಣ್ಣು ಮೆತ್ತಿಸಿದ್ದಾರೆ. ಪೇಂಟ್ ಹೊಡೆಸುತ್ತೇನೆ ಅಂದರು, ನಾನು ತಡೆದೆ. ಬರುವ ಭೂಮಿ ಹುಣ್ಣಿಮೆಗೆ, ಭೂಮ್ತಾಯಿಯ ಹಬ್ಬಕ್ಕೆ, ನಿನ್ನ ಶಿಬಿರದ ಗೆಳೆಯ ಗೆಳತಿಯರನ್ನು ಕರೆದುಕೊಂಡು ಬಾ. ಪ್ರಶ್ನೆ ಅದೇ ಇರಲಿ. ಕ್ರೆಯಾನು, ಚಾರ್ಟು ಬೇಡ, ಮಣ್ಣು ಅಕ್ಕಿಯಲ್ಲಿ ಗೋಡೆಗೆ ಬರೆಯುವ ನಮ್ಮ ಚಿತ್ತಾರದಲ್ಲಿ ಬರೆಯಿರಿ. ಒಂದೇ ಷರತ್ತು. ನಾಳೆ ಅನ್ನುವುದು ಈ ಗುಡ್ಡದ ಸಾಲಿನ ಒಳಗೇ ಇರಬೇಕು, ಮತ್ತು ಬರೆದುಕೊಂಡವರಿಗೆ ವಯಸ್ಸಾಗಿರಬೇಕು.

ನಿನಗೆ ಗೊತ್ತಿರುವುದೇ. ಆದರೂ ಉಳಿದವರಿಗೆ ಓದಿ ಹೇಳು. ಮೊದಲು ಗೋಡೆಗೆ ಕೆಮ್ಮಣ್ಣು ಬಳಿದು ಒಣಗಲು ಬಿಡಬೇಕು. ನೆನೆಸಿದ ಅಕ್ಕಿಯನ್ನು ನುಣ್ಣಗೆ ಅರೆದರೆ ಬಿಳಿ. ಅದೇ ಅಕ್ಕಿಯನ್ನು ಕಪ್ಪಗೆ ಹುರಿದು ಅರೆದರೆ ಕಪ್ಪು. ಹಳದಿಗೆ ಗುರಿಗೆ ಬೀಜ. ಬ್ರಷ್ಷು ಪುಂಡಿ ನಾರಿನದು, ನಾನು ಕಟ್ಟಿಟ್ಟಿರುತ್ತೇನೆ. ನಾರಿಗೆ ಹಿಟ್ಟು ಜಾಸ್ತಿ ಹತ್ತಿದರೆ ಹನಿ ಇಳಿಯುತ್ತದೆ, ಕಡಿಮೆಯಾದರೆ ಎಳೆ ಅರ್ಧದಲ್ಲೇ ಒಣಗಿ ನಿಲ್ಲುತ್ತದೆ. ಇನ್ನೊಂದು ವಿಷಯ. ಹಸಿಯಿರುವಾಗ ಬಿಳಿ ಎಳೆ ಕಾಣುವುದೇ ಇಲ್ಲ, ಮಂಕಾಗಿರುತ್ತದೆ. ಹೊಸಬರು ಗಾಬರಿಯಾಗಿ ಅದರ ಮೇಲೇ ಮತ್ತೆ ಮತ್ತೆ ಬಳಿಯುತ್ತಾರೆ. ಆಮೇಲೆ ದಪ್ಪಗಾಗಿ ಚಕ್ಕೆ ಏಳುತ್ತದೆ. ಒಂದೇ ಸಲ ಎಳೆದು ಸುಮ್ನೆ ಬಿಟ್ಟುಬಿಡಬೇಕು. ಒಣಗುತ್ತಾ ಹೋದ ಹಾಗೆ ಬಿಳುಪು ತಾನಾಗಿ ಎದ್ದು ಬರುತ್ತದೆ.

ನಿನಗೆ ಐದಾರು ವರ್ಷವಿದ್ದಾಗಲೇ ನನ್ನ ಪಕ್ಕ ಕೂತು ನಾರು ಹಿಡಿಯುತ್ತಿದ್ದೆ. ಆಗ ಊರಿನ ಕಣ್ಣಿಗೆ ನೀನು ಗಂಡೇ. "ಗಂಡು ಹುಡುಗ ಹಸೆ ಬರೀತಾನಾ" ಅಂತ ನಕ್ಕವರಿದ್ದರು. ನಮ್ಮ ದೀವರ ಸಮುದಾಯದ ಮನೆಗಳಲ್ಲಿ ಹಸೆ, ಅಂದರೆ ಗೋಡೆಯ ಚಿತ್ತಾರ, ಬರೆಯುವುದು ಹೆಂಗಸರ ಕೆಲಸವಲ್ಲವೇ. ಅಜ್ಜಿ ಮಾತ್ರ "ಕೈ ನೆಟ್ಟಗಿದೆ, ಬರೀಲಿ ಬಿಡು" ಅಂದಳು. ಅಜ್ಜಿಯ ತವರುಮನೆ ಚಿತ್ತಾರದ ಸಮೇತ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಡಿ ಹೋಯಿತು, 1964ರಲ್ಲಿ. ಮಾದರಿ ಪುಸ್ತಕ ಅಂತೇನೂ ಇರಲಿಲ್ಲ. ಹೊಸ ಜಾಗದಲ್ಲಿ ಗೋಡೆ ಎದ್ದ ಕೂಡಲೇ ಕೈಯಲ್ಲಿದ್ದದ್ದನ್ನು ಬರೆದಳು. ಜೋಗಿ ಜಡೆ, ಏಣಿ, ಬಾಸಿಂಗ, ಈ ಮಾದರಿಗಳೆಲ್ಲ ಅವಳ ಕೈಯಿಂದಲೇ ನಮಗೆ ಬಂದದ್ದು.

ಹಸೆಗೋಡೆಯ ನಡುವೆ ಮದುಮಗ ಮದುಮಗಳು ಇರುತ್ತಾರಲ್ಲ, ಅದರ ಬಗ್ಗೆ ಒಂದು ಮಾತು. ನಾನು ಬರೆಯುವ ಜೋಡಿಗೆ ಕಡ್ಡಿಯಂಥ ಕೈಕಾಲು, ತ್ರಿಕೋನದ ಮೈ, ಮುಖವೇ ಇಲ್ಲ. ಯಾರು ಗಂಡು ಯಾರು ಹೆಣ್ಣು ಅಂತ ನಾನು ಹೇಳಿದರೆ ಉಂಟು. 2023ರ ಅಕ್ಟೋಬರ್ 17ರಂದು ಸುಪ್ರೀಂ ಕೋರ್ಟಿನ ತೀರ್ಪು ಬಂದಾಗ ನಿನ್ನ ಗೆಳತಿಯರಿಬ್ಬರು ಊಟ ಬಿಟ್ಟು ಮಲಗಿದ್ದರು ಅಂದಿದ್ದೆ. ಹೆಣ್ಣು ಹೆಣ್ಣು, ಗಂಡು ಗಂಡು ಮದುವೆಗೆ ಈಗಿನ ಕಾನೂನಿನಲ್ಲಿ ಜಾಗವಿಲ್ಲ ಅಂದರು. ಟ್ರಾನ್ಸ್ ಹೆಣ್ಣು ಗಂಡಸನ್ನು ಮದುವೆಯಾಗಬಹುದು ಅಂತ ಅದೇ ತೀರ್ಪಿನಲ್ಲಿದೆ. ಅಂದರೆ ನಿನಗೆ ಹಸೆ ಬರೆಯಬಹುದು, ಅವರಿಗೆ ಬರೆಯುವ ಹಾಗಿಲ್ಲ. ಒಂದೇ ಪಂಕ್ತಿಯಲ್ಲಿ ಒಬ್ಬರಿಗೆ ಬಡಿಸಿ ಇನ್ನಿಬ್ಬರಿಗೆ ಎಲೆಯನ್ನೇ ಹಾಕದ ಹಾಗಾಯಿತು. ನಮ್ಮ ಗೋಡೆಗೆ ರಿಜಿಸ್ಟ್ರಾರ್ ಬೇಡ. ಅವರಿಬ್ಬರೂ ಬಂದು ತಮ್ಮನ್ನು ತಾವೇ ಬರೆದುಕೊಳ್ಳಲಿ. ಬಾಸಿಂಗ ಇಬ್ಬರಿಗೂ ಇರಲಿ.

ಗೋಡೆ ಮೇಲೆ ಬರೆದರೆ ಕಾನೂನು ಬದಲಾಗುತ್ತದೆ ಅನ್ನುವಷ್ಟು ಪೆದ್ದಿ ನಾನಲ್ಲ. ನಿಮ್ಮಂಥವರ ಪ್ರೀತಿಯನ್ನೇ ಅಪರಾಧ ಅನ್ನುತ್ತಿದ್ದ 377ನೇ ಕಲಂ ತಪ್ಪು ಅಂತ 2009ರಲ್ಲಿ ದೆಹಲಿ ಹೈಕೋರ್ಟು ಹೇಳಿತು, 2013ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಿರುಗಿಸಿ ಹಾಕಿತು, ಕೊನೆಗೆ 2018ರಲ್ಲಿ ತಾನೇ ಸರಿಮಾಡಿತು. ಅಷ್ಟು ವರ್ಷ ಕೋರ್ಟು ಮೆಟ್ಟಿಲು ಹತ್ತಿದವರ ಶ್ರಮ ಬೇರೆಯೇ. ಆದರೆ ಅರ್ಜಿಯಲ್ಲಿ ಏನು ಬರೆಯಬೇಕು ಅನ್ನುವುದು ಯಾರಿಗಾದರೂ ಮೊದಲು ಕಣ್ಣಿಗೆ ಕಟ್ಟಬೇಕಲ್ಲ? 1951ರಲ್ಲಿ ಕಾಗೋಡಿನಲ್ಲಿ ನಮ್ಮ ಗೇಣಿದಾರರು ಎದ್ದು ನಿಂತದ್ದು ಭತ್ತ ಅಳೆಯುವ ಕೊಳಗದ ವಿಷಯಕ್ಕೆ. ಅಳತೆ ಸರಿ ಇರಲಿ ಅಂತ ಕೇಳಿದರು, ಅಷ್ಟೇ. ಅಂಥ ಸಣ್ಣ ಕೇಳಿಕೆಯಿಂದ ಶುರುವಾದದ್ದು, ಉಳುವವನಿಗೇ ಭೂಮಿ ಅನ್ನುವ ಕಾಯ್ದೆಯಾಗಿ ಗಟ್ಟಿಯಾಗಿ ಬಂದದ್ದು 1974ರಲ್ಲಿ. ಅದಕ್ಕೇ ನಾನು ಜಗಲಿ, ಮಂಡಿನೋವು, ಮೆಟ್ಟುಗತ್ತಿ ಮುಂದೆ ಕೂತು ಅಡಿಕೆ ಸುಲಿಯುವುದು, ಪಂಚಾಯ್ತಿ ಸಭೆಯಲ್ಲಿ ನಲ್ಲಿ ನೀರಿಗೆ ಜಗಳ, ಇಂಥದ್ದನ್ನು ಬರೆಯಿರಿ ಅನ್ನುತ್ತಿರುವುದು. ದೊಡ್ಡದನ್ನು ಬೇಡ ಅನ್ನುತ್ತಿಲ್ಲ. ಸ್ಟೇಜು ಬೇಕಿದ್ದರೆ ಮೂಲೆಯಲ್ಲಿ ಬರೆದುಕೋ.

ಹಾಳೆ ಖಾಲಿ ಬಿಟ್ಟ ಇಬ್ಬರನ್ನು ಮಾತ್ರ ಬಿಡದೆ ಕರೆದುಕೊಂಡು ಬಾ. ನಾಳೆಯನ್ನು ಬರೆಯಿರಿ ಅಂತ ಅವರಿಗೆ ನಾನು ಹೇಳುವುದಿಲ್ಲ. ಕೆಮ್ಮಣ್ಣು ಕಲಸಲು ಕೈ ಬೇಕು, ಅಕ್ಕಿ ಅರೆಯಲು ಕೈ ಬೇಕು. ಆಮೇಲೆ ಅಂಚಿನ ಏಣಿ ಬರೆಯಲಿ. ಎರಡು ಎಳೆ, ನಡುವೆ ಅಡ್ಡ ಗೆರೆ, ಯಾರಿಗಾದರೂ ಬರುತ್ತದೆ. ಚಿತ್ತಾರದಲ್ಲಿ ಅರ್ಧ ಕೆಲಸ ಅಂಚಿನದ್ದೇ. ನಡುವೆ ಜಾಗ ಬಿಟ್ಟಿರೋಣ, ಬರೆಯಬೇಕು ಅನ್ನಿಸಿದಾಗ ಬರಲಿ. ಮುಂದಿನ ವರ್ಷವಾದರೂ ಆದೀತು.

ಒಂದೆರಡು ಎಚ್ಚರಿಕೆ. ಮನೆಯಲ್ಲಿ ಇನ್ನೂ ಹೇಳದವರು ನಿಮ್ಮ ಗುಂಪಿನಲ್ಲಿ ಇರುತ್ತಾರೆ. ಯಾರದ್ದೇ ಫೋಟೊ ಎಲ್ಲೇ ಹಾಕುವ ಮುಂಚೆ ಕೇಳು. ಗೋಡೆಯ ಫೋಟೊ ಸಾಕು, ಮುಖ ಬೇಡ. ಇನ್ನು, ಕಲಿತವರು ಇದನ್ನು ಕಾಫಿ ಕಪ್ಪಿನ ಮೇಲೆ ಪ್ರಿಂಟ್ ಹೊಡೆಸಿ 'ಟ್ರೈಬಲ್ ಆರ್ಟ್' ಅಂತ ಮಾರಿದರೆ ನನಗೆ ಸಿಟ್ಟು ಬರುತ್ತದೆ, ಮೊದಲೇ ಹೇಳಿರು. ಪಕ್ಕದ ಮನೆಯವರು ಏನಾದರೂ ಅಂದಾರು ಅಂತ ಹೆದರಬೇಡ. ಅನ್ನುತ್ತಾರೆ. ಅವರು ಏನನ್ನುತ್ತಾರೆ ಅನ್ನುವುದು ನನಗೂ ಬಾಯಿಪಾಠ. ಕಡುಬು ಕೊಟ್ಟು ಕಳಿಸುತ್ತೇನೆ.

ಅಪ್ಪನಿಗೆ ಹೇಳಿದೆ. "ಅಕ್ಕಿ ಎಷ್ಟು ಬೇಕು?" ಅಂದರು. ಅವರ ಒಪ್ಪಿಗೆ ಹಾಗೇ, ನಿನಗೆ ಗೊತ್ತಲ್ಲ. ಹಬ್ಬದ ನಸುಕಿನಲ್ಲಿ ಗದ್ದೆಗೆ ಹಚ್ಚಂಬಲಿ, ಅಂದರೆ ಸೊಪ್ಪು ಬೇಯಿಸಿ ಮಾಡಿದ ಎಡೆ, ಬೀರಲು ಗಂಡಸರು ಹೋಗುವುದು ರೂಢಿ. ನೀನು ಚಿಕ್ಕಂದಿನಲ್ಲಿ ಹೋಗುತ್ತಿದ್ದೆ, ಆಮೇಲೆ ಗಂಡಸರ ಸಾಲಿನಲ್ಲಿ ನಿಲ್ಲುವುದಿಲ್ಲ ಅಂತ ಬಿಟ್ಟುಬಿಟ್ಟೆ. "ಈ ಸಲ ಬಂದವರೆಲ್ಲ ಹೋಗಲಿ, ಭೂಮ್ತಾಯಿ ಏನು ಲಿಸ್ಟ್ ನೋಡ್ತಾಳಾ" ಅಂದದ್ದು ಅಪ್ಪನೇ, ನಾನಲ್ಲ.

ತಾಳಗುಪ್ಪ ರೈಲಿಗೆ ಬಂದರೆ ಸಾಗರದಲ್ಲಿ ಇಳಿಯಿರಿ, ಜೀಪ್ ಕಳಿಸುತ್ತೇವೆ. ಎಲ್ಲರೂ ಹಳೇ ಬಟ್ಟೆ ತರಲಿ, ಕೆಮ್ಮಣ್ಣಿನ ಕಲೆ ಹೋಗುವುದಿಲ್ಲ. ಟಾರ್ಚು ಬೇಕು. ರಕ್ತ ಹೀರುವ ಇಂಬಳ ಇನ್ನೂ ಇರುತ್ತವೆ, ಪೇಟೆ ಹುಡುಗರು ಕಿರುಚಬಾರದು ಅಂತ ಹೇಳು. ಎಷ್ಟು ಜನ ಅನ್ನುವುದನ್ನು ಹಬ್ಬಕ್ಕೆ ವಾರ ಇರುವಾಗಲೇ ತಿಳಿಸು, ಕೊಟ್ಟೆ ಕಡುಬಿಗೆ ಹಲಸಿನ ಎಲೆ ಕೊಯ್ಯಿಸಿ ಇಡಬೇಕು.

ಇತಿ,
ಅಮ್ಮ