ಯೂರಿಯಾ ಹೆಚ್ಚಾದರೆ ಬೆಂಕಿ ರೋಗಕ್ಕೆ ದಾರಿ

ಎಲ್ಲರ ಗಮನಕ್ಕೆ: ಭತ್ತದ ಎಲೆಯಲ್ಲಿ ಕಣ್ಣಿನಾಕಾರದ, ನಡುವೆ ಬೂದು, ಅಂಚಲ್ಲಿ ಕಂದು ಚುಕ್ಕೆ ಕಂಡರೆ ಅದು ಶಿಲೀಂಧ್ರದಿಂದ ಬರುವ ಬೆಂಕಿ ರೋಗ. ಅಂಥ ಗದ್ದೆಗೆ ಯೂರಿಯಾ ಮೇಲುಗೊಬ್ಬರ ಎರಚುವುದನ್ನು ದಯವಿಟ್ಟು ಕೂಡಲೇ ನಿಲ್ಲಿಸಿ. ರೋಗ ಹತೋಟಿಗೆ ಬಂದ ಮೇಲೆ ಉಳಿದ ಕಂತು ಕೊಡಿ.

ಯೂರಿಯಾದಲ್ಲಿ 46% ಸಾರಜನಕ. ಒಂದೇ ಸಲ ಸುರಿದರೆ ಪೈರು ಕಡುಹಸಿರಾಗಿ ಸೊಕ್ಕುತ್ತದೆ, ಆದರೆ ಎಲೆ ಮೆತ್ತಗಾಗಿ ಶಿಲೀಂಧ್ರ ಸುಲಭವಾಗಿ ಒಳನುಗ್ಗುತ್ತದೆ. ತೆಂಡೆ (ಬುಡದಿಂದ ಒಡೆಯುವ ಕವಲು) ಒತ್ತಾಗಿ ಗಾಳಿಯಾಡದೆ ಎಲೆ ಮೇಲಿನ ಇಬ್ಬನಿ ಬೇಗ ಆರುವುದಿಲ್ಲ; ಬೀಜಕಣ ಮೊಳೆಯಲು ಆ ತೇವವೇ ಬೇಕು. ಶಿಫಾರಸಿನ ಪ್ರಮಾಣವನ್ನೇ ನಾಟಿ ಸಮಯ, ತೆಂಡೆ ಒಡೆಯುವಾಗ, ತೆನೆ ಮೂಡುವ ಹಂತ ಎಂದು 3 ಕಂತು ಮಾಡಿ. ಪೊಟ್ಯಾಷ್ ಕೊರತೆ ಇದ್ದರೆ ನೀಗಿಸಿ. ಕೊರತೆ ನೀಗಲು ಬೇಕಾದ್ದಕ್ಕಿಂತ ಹೆಚ್ಚು ಪೊಟ್ಯಾಷ್ ಹಾಕಿ ಲಾಭವಿಲ್ಲ.

ಹಾಗಂತ ಸಾರಜನಕ ಪೂರ್ತಿ ಬಿಡಬೇಡಿ. ಟೊಮೆಟೊ, ಆಲೂಗಡ್ಡೆಗೆ ಅದು ಸಾಲದಾದರೆ ಉಂಗುರ ಉಂಗುರದ ಆಲ್ಟರ್ನೇರಿಯಾ ಎಂಬ ಶಿಲೀಂಧ್ರದ ಕಲೆ ಕೆಳಗಿನ ಹಳೆ ಎಲೆಯಿಂದ ಮೇಲೇರುತ್ತದೆ.